ಮೂವರು ವೈದ್ಯರಿಗೆ ಹೇಳಿದ ಮೂರು ಕಥೆ

ಮೊದಲ ಸಲ ಅದು ಬಂದದ್ದು ಜನವರಿಯಲ್ಲಿ, ತಿಜಾನಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ಮನೆಯ ಮೆಟ್ಟಿಲು ಹತ್ತುತ್ತಿದ್ದಾಗ. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡ. ಎರಡನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಎದೆಯ ನಡುಮಧ್ಯದಲ್ಲಿ ಯಾರೋ ಅಂಗೈ ಇಟ್ಟು ಒತ್ತಿದ ಹಾಗಾಯಿತು. ಚುಚ್ಚಲಿಲ್ಲ, ಉರಿಯಲಿಲ್ಲ, ಒತ್ತಿತು ಅಷ್ಟೆ. ಆ ಒತ್ತಡ ಮೆಲ್ಲಗೆ ಮೇಲಕ್ಕೆ ಹರಿದು ಕೆಳದವಡೆಯ ಎಡಭಾಗದಲ್ಲಿ ಹಲ್ಲುನೋವಿನಂತೆ ಕೂತುಬಿಟ್ಟಿತು. ತಿಜಾನಿ ಚೀಲ ಕೆಳಗಿಟ್ಟ. ಕೆಳಗಿನಿಂದ ಯಾರದೋ ಹೆಜ್ಜೆಯ ಸದ್ದು ಕೇಳಿತು. ತಕ್ಷಣ ಗೋಡೆಯಲ್ಲಿದ್ದ ಕರೆಂಟು ಮೀಟರಿನ ಪೆಟ್ಟಿಗೆ ತೆರೆದು, ಅಂಕಿ ಓದುತ್ತಿರುವವನ ಹಾಗೆ ಮುಖವನ್ನು ಒಳಗೆ ತೂರಿಸಿ ನಿಂತ. ಮೂರು ನಾಲ್ಕು ನಿಮಿಷದಲ್ಲಿ ನೋವು ತನ್ನಷ್ಟಕ್ಕೆ ತಾನೇ ಇಳಿದುಹೋಯಿತು.

ಅವನಿಗೆ ಮೊದಲು ಅನುಮಾನ ಬಂದದ್ದು ಹಣ್ಣಿನವನ ಮೇಲೆ. ಐದು ಕಿಲೋ ಎಂದು ಇನ್ನೆಷ್ಟು ಹೊರಿಸಿದ್ದಾನೋ ಎಂದು ಮನೆಗೆ ಬಂದವನೇ ಚೀಲವನ್ನು ತೂಗಿ ನೋಡಿದ. ಸರಿಯಾಗಿ ಐದೇ ಕಿಲೋ. ಹಾಗಾದರೆ ಮಧ್ಯಾಹ್ನ ತಿಂದ ಮೀನು ಹಳಸಿದ್ದಿರಬೇಕು ಎಂದುಕೊಂಡ. ಮರುವಾರ ಮೀನು ತಿನ್ನದ ದಿನವೂ ಅದೇ ತಿರುವಿನಲ್ಲಿ ಅದೇ ನೋವು ಬಂದಾಗ, ಚಳಿಗೆ ಹಚ್ಚುವ ಗ್ಯಾಸಿನ ಒಲೆ ಸೋರುತ್ತಿದೆ ಎಂಬ ಗುಮಾನಿ ಹುಟ್ಟಿತು. ಸಾಬೂನಿನ ನೊರೆ ಹಚ್ಚಿ ಕೊಳವೆಯುದ್ದಕ್ಕೂ ಗುಳ್ಳೆ ಹುಡುಕಿದ. ಒಂದು ಗುಳ್ಳೆಯೂ ಏಳಲಿಲ್ಲ. ಕೊನೆಗೆ ಅವನ ಕಣ್ಣು ಬಿದ್ದದ್ದು ಅಳಿಯನ ಮೇಲೆ.

ತಿಜಾನಿ ಲಾ ಗುಲೆತ್ ಬಂದರಿನ ಕಸ್ಟಮ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಾರ್ಸೇಯಿಂದ ಬರುವ ಹಡಗು ಹೊಟ್ಟೆ ಬಿಚ್ಚಿ ಕಾರುಗಳನ್ನು ಹೊರಗೆ ಬಿಟ್ಟಾಗ, ಛಾವಣಿಯ ಮೇಲೆ ಹಾಸಿಗೆ, ಸೈಕಲ್ಲು, ಫ್ರಿಜ್ಜು ಕಟ್ಟಿಕೊಂಡು ಸಾಲಾಗಿ ಬರುವ ಸಂಸಾರಗಳನ್ನು ಅವನು ಒಂದು ನೋಟದಲ್ಲಿ ಅಳೆಯುತ್ತಿದ್ದ. ಬಾಗಿಲಿನ ಹಲಗೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಒಳಗೆ ಏನೋ ತುರುಕಿದೆ ಎಂದು ಹೇಳಬಲ್ಲವನಾಗಿದ್ದ. ಎದುರಿಗೆ ಎಲ್ಲರೂ ಮರ್ಯಾದೆಯಿಂದ ಸಿ ತಿಜಾನಿ ಎನ್ನುತ್ತಿದ್ದರು. ಬೆನ್ನ ಹಿಂದೆ ಎಕ್ಸ್‌ರೇ ಎನ್ನುತ್ತಿದ್ದರು. ಅದೂ ಅವನಿಗೆ ಗೊತ್ತಿತ್ತು, ಒಳಗೊಳಗೇ ಅದರ ಹೆಮ್ಮೆಯೂ ಇತ್ತು.

ಮಗಳು ಒಲ್ಫಾಳ ಗಂಡ ಶುಕ್ರಿ ಔಷಧಿ ಕಂಪನಿಯೊಂದರ ಪ್ರತಿನಿಧಿ. ಕೈಯಲ್ಲಿ ಕಪ್ಪು ಚೀಲ, ಮುಖದಲ್ಲಿ ಸದಾ ನಗು. ಕಪ್ಪು ಚೀಲ ಹಿಡಿದು ನಗುವವರನ್ನು ತಿಜಾನಿ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದ. ಈದ್ ಹಬ್ಬಕ್ಕೆ ಶುಕ್ರಿ ವಿಟಮಿನ್ ಮಾತ್ರೆಯ ಡಬ್ಬಿ ತಂದುಕೊಟ್ಟಿದ್ದ. ತಿಜಾನಿ ಅದನ್ನು ನಿಲ್ಲಿಸಿ ಎರಡು ವಾರ ಕಾದ. ನೋವು ನಿಲ್ಲಲಿಲ್ಲ. ಈಗ ಅದು ತುಂಬ ಉಂಡು ತಕ್ಷಣ ನಡೆದರೂ ಬರುತ್ತಿತ್ತು, ಕಡಲ ಕಡೆಯಿಂದ ಥಂಡಿಗಾಳಿ ಎದೆಗೆ ಹೊಡೆದರೂ ಬರುತ್ತಿತ್ತು. ಒಮ್ಮೊಮ್ಮೆ ಎಡತೋಳಿಗೂ ಇಳಿಯುತ್ತಿತ್ತು, ನಿಂತರೆ ಹೋಗುತ್ತಿತ್ತು.

ಫೆಬ್ರವರಿಯ ಒಂದು ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಿದ್ದರು. ಊಟ ಮುಗಿದ ಮೇಲೆ ಶುಕ್ರಿ ಚಹಾ ಲೋಟ ಕೆಳಗಿಟ್ಟು, "ಮಾವ, ಲಾ ಮರ್ಸಾದಲ್ಲಿ ಡಾಕ್ಟರ್ ಎಮ್ನಾ ಅಂತ ಇದಾರೆ. ಹೃದಯದ ಡಾಕ್ಟರು, ಒಳ್ಳೆಯವರು. ಒಂದ್ಸಲ ತೋರಿಸ್ಕೊಂಡು ಬನ್ನಿ" ಎಂದ.

ತಿಜಾನಿ ಅವನನ್ನು ನೆಟ್ಟ ಕಣ್ಣಿಂದ ನೋಡಿದ. "ಹೃದಯ ಅಂತ ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ವಯಸ್ಸಾಯ್ತಲ್ಲ, ಅದಕ್ಕೆ."

"ಅರವತ್ತೆರಡು. ಮೊಣಕಾಲಿಗೂ ಅಷ್ಟೇ ವಯಸ್ಸಾಗಿದೆ, ಕಣ್ಣಿಗೂ ಅಷ್ಟೇ. ಅವನ್ನೆಲ್ಲ ಬಿಟ್ಟು ನೇರ ಹೃದಯಕ್ಕೇ ಯಾಕೆ ಬಂದೆ?"

ಶುಕ್ರಿ ನಕ್ಕುಬಿಟ್ಟ. ತಿಜಾನಿಯ ಹೆಂಡತಿ ವಸೀಲಾ ತಟ್ಟೆಗಳನ್ನು ಎತ್ತಿಕೊಂಡು ಅವಸರದಿಂದ ಅಡುಗೆಮನೆಗೆ ಹೋದಳು. ಆ ಅವಸರವೂ ತಿಜಾನಿಯ ಕಣ್ಣಿಗೆ ಬಿತ್ತು. ತನ್ನ ಬೆನ್ನ ಹಿಂದೆ ಏನೋ ನಡೆದಿದೆ ಎಂದು ಅವನಿಗೆ ಖಾತ್ರಿಯಾಯಿತು.

ಹಾಗಾಗಿ ಅವನೊಂದು ಬಲೆ ಹೆಣೆದ. ಬಂದರಿನಲ್ಲಿ ಇಬ್ಬರು ಸಹಪ್ರಯಾಣಿಕರ ಮೇಲೆ ಅನುಮಾನ ಬಂದರೆ ಅವರನ್ನು ಬೇರೆಬೇರೆ ಕೋಣೆಯಲ್ಲಿ ಕೂರಿಸಿ ಕೇಳುವುದು ಅವನ ಪದ್ಧತಿ. ಈಗಲೂ ಅದನ್ನೇ ಮಾಡಿದ. ಮೂರು ಬೇರೆ ಊರಿನ ಮೂವರು ವೈದ್ಯರ ಬಳಿ ಹೋಗುವುದು, ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳದಿರುವುದು, ಯಾರು ಏನು ಹೇಳುತ್ತಾರೆ ನೋಡುವುದು. ಮೂವರೂ ಒಂದೇ ಮಾತು ಹೇಳಿದರೆ ನಿಜ. ಬೇರೆಬೇರೆ ಹೇಳಿದರೆ ಇದೆಲ್ಲ ಜನರನ್ನು ಸುಲಿಯುವ ದಂಧೆ.

ಲಾ ಗುಲೆತ್‌ನಲ್ಲೇ ಇದ್ದ ಮೊದಲ ವೈದ್ಯನಿಗೆ ಊಟವಾದ ಮೇಲೆ ಎದೆ ಭಾರವಾಗುತ್ತದೆ ಎಂದಷ್ಟೇ ಹೇಳಿದ. ಮೆಟ್ಟಿಲಿನ ಮಾತೇ ಎತ್ತಲಿಲ್ಲ. ವೈದ್ಯ ಅವನನ್ನು ಮಲಗಿಸಿ ಇ.ಸಿ.ಜಿ. ತೆಗೆದ. ಪಟ್ಟಿಯಲ್ಲಿ ಏನೂ ದೋಷವಿರಲಿಲ್ಲ. "ಹೊಟ್ಟೆಯ ಆಮ್ಲ ಇರಬೇಕು. ಖಾರ ಕಮ್ಮಿ ಮಾಡಿ. ಮತ್ತೆ ಬಂದ್ರೆ ಮಾತ್ರ ಕಡೆಗಣಿಸಬೇಡಿ" ಎಂದು ಮಾತ್ರೆ ಬರೆದುಕೊಟ್ಟ. ಕಡಲಂಚಿನ ಪುಟ್ಟ ರೈಲು ಹತ್ತಿ ಲೆ ಕ್ರಾಮ್‌ಗೆ ಹೋಗಿ, ಎರಡನೇ ವೈದ್ಯನಿಗೆ ದವಡೆ ಮತ್ತು ಎಡತೋಳು ನೋಯುತ್ತದೆ ಎಂದ. ಎದೆಯ ಸುದ್ದಿ ನುಂಗಿಕೊಂಡ. ಕತ್ತಿನ ಮೂಳೆ ಸವೆದಿರಬಹುದು, ಎಕ್ಸ್‌ರೇ ತೆಗೆಸಿ ಎಂದು ಆ ವೈದ್ಯ ನೋವಿನ ಮಾತ್ರೆ ಬರೆದ.

ಮೂರನೆಯದಕ್ಕೆ ತಿಜಾನಿ ಬೇಕೆಂದೇ ಶುಕ್ರಿ ಹೇಳಿದ ಡಾಕ್ಟರ್ ಎಮ್ನಾಳನ್ನೇ ಆರಿಸಿಕೊಂಡ. ನಲವತ್ತರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಎಳೆದು ಮಾತಾಡುವ ಅಭ್ಯಾಸ. ಅವಳಿಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆ ಎಂದಷ್ಟೇ ಹೇಳಿದ.

"ಕೂತ್ಕೊಳ್ಳಿ, ಹಾಜ್" ಎಂದಳು ಎಮ್ನಾ.

"ನಾನಿನ್ನೂ ಹಜ್‌ಗೆ ಹೋಗಿಲ್ಲ. ದಾಖಲೆಯಲ್ಲಿ ಹಾಗೆ ಬರೀಬೇಡಿ."

"ಸರಿ, ಸಿ ತಿಜಾನಿ. ಉಸಿರು ಕಟ್ಟಿದಾಗ ಎದೇಲಿ ಏನಾದ್ರೂ ಆಗುತ್ತಾ? ಹಿಂಡಿದ ಹಾಗೆ, ಭಾರ ಹೇರಿದ ಹಾಗೆ?"

"ಇಲ್ಲ."

"ದವಡೆ, ಭುಜ, ತೋಳು?"

"ಇಲ್ಲ."

"ನಿಂತ್ರೆ ಕಮ್ಮಿಯಾಗುತ್ತಾ?"

"ಆಗ್ಬೋದು."

"ಸಿಗರೇಟು?"

"ಆಗೊಂದು ಈಗೊಂದು."

ಎಮ್ನಾ ಅವನ ಹಳದಿಗಟ್ಟಿದ ಬೆರಳುಗಳನ್ನು ನೋಡಿದಳು. ರಕ್ತದೊತ್ತಡ ನೋಡಿ, ಎದೆ ಬೆನ್ನು ಆಲಿಸಿ, ಮತ್ತೊಂದು ಇ.ಸಿ.ಜಿ. ತೆಗೆದಳು. ಅದೂ ಚೊಕ್ಕವಾಗಿತ್ತು.

"ನೋಡಿದ್ರಾ, ಏನಿಲ್ಲ" ಎಂದ ತಿಜಾನಿ.

"ಮಲಗಿದ್ದಾಗ ಏನಿಲ್ಲ. ನಿಮಗೆ ತೊಂದ್ರೆ ಬರೋದು ಹತ್ತುವಾಗ ಅಲ್ವಾ? ಹೃದಯಕ್ಕೆ ರಕ್ತ ಒಯ್ಯೋ ನಾಳ ಕಿರಿದಾಗಿದ್ರೆ, ಸುಮ್ನೆ ಕೂತಾಗ ಇರೋ ರಕ್ತ ಸಾಕಾಗುತ್ತೆ. ಮೆಟ್ಟಿಲು ಹತ್ತಿದಾಗ ಹೃದಯ ಜಾಸ್ತಿ ಕೇಳುತ್ತೆ, ನಾಳ ಕೊಡೋಕಾಗಲ್ಲ, ಆಗ ಅದು ಕೂಗ್ಕೊಳ್ಳುತ್ತೆ. ಇದೇ ವಾರ ಸೈಕಲ್ ಪರೀಕ್ಷೆ ಮಾಡೋಣ. ನೀವು ತುಳೀತಿರಿ, ನಾವು ಪಟ್ಟಿ ತೆಗೀತಿರ್ತೀವಿ."

ಅವಳು ಬರೆದದ್ದು ನಾಲ್ಕು ಔಷಧಿ. ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕೊಬ್ಬು ಇಳಿಸಲು ಒಂದು, ಹೃದಯದ ಬಡಿತ ನಿಧಾನಿಸಲು ಒಂದು, ಜೊತೆಗೆ ನಾಲಗೆಯ ಕೆಳಗೆ ಸಿಂಪಡಿಸಿಕೊಳ್ಳುವ ಪುಟ್ಟ ಸೀಸೆ. "ನೋವು ಬಂದ್ರೆ ಮೊದಲು ಕೂತ್ಕೊಳ್ಳಿ, ಆಮೇಲೆ ಸಿಂಪಡಿಸ್ಕೊಳ್ಳಿ. ನಿಂತು ಹಾಕ್ಕೊಂಡ್ರೆ ತಲೆ ತಿರುಗಿ ಬೀಳ್ತೀರಿ. ಐದು ನಿಮಿಷದಲ್ಲಿ ಹೋಗದಿದ್ರೆ ನೂರಾ ತೊಂಬತ್ತಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತೆ. ಸ್ವಂತ ಕಾರಲ್ಲಿ ಹೊರಡಬೇಡಿ."

ತಿಜಾನಿ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಾಗ ಅವಳು ಸಹಜವಾಗಿ ಕೇಳಿದಳು, "ಅಳಿಯ ಚೆನ್ನಾಗಿದಾರಾ?"

ಅವನ ಕೈ ಕೋಟಿನ ತೋಳಿನೊಳಗೇ ನಿಂತುಬಿಟ್ಟಿತು. ತನಗೆ ಅಳಿಯ ಇದ್ದಾನೆ ಎಂದು ಅವನು ಅವಳಿಗೆ ಹೇಳಿಯೇ ಇರಲಿಲ್ಲ.

ದಾರಿಯುದ್ದಕ್ಕೂ ತಿಜಾನಿ ಲೆಕ್ಕ ಹಾಕಿದ. ಅಳಿಯ ಔಷಧಿ ಮಾರುವವನು, ಈಕೆ ಔಷಧಿ ಬರೆಯುವವಳು, ನಡುವೆ ತಾನು ತಿನ್ನುವವನು. ಔಷಧಿ ಕೊಂಡು ಮನೆಗೆ ಬಂದು ಭೂತಗನ್ನಡಿ ಹಿಡಿದು ಸೀಸೆಯ ಮೇಲಿನ ಸಣ್ಣಕ್ಷರ ಓದತೊಡಗಿದ. ಒಂದು ಹೆಸರು ಅವನಿಗೆ ಎಲ್ಲೋ ಕಂಡಂತಾಯಿತು. ಎಲ್ಲಿ ಎಂದು ನೆನಪಾದದ್ದೇ ಫೋನ್ ಎತ್ತಿದ.

"ಶುಕ್ರಿ, ಈ ಸೀಸೇಲಿ ಏನಿದೆ ಅಂತ ಗೊತ್ತಾ ನಿಂಗೆ?"

"ಯಾವ ಸೀಸೆ, ಮಾವ?"

"ನಾಲಗೆ ಕೆಳಗೆ ಹಾಕೋದು. ನೈಟ್ರೋಗ್ಲಿಸರಿನ್!"

"ಹೌದು, ಅದು ರಕ್ತನಾಳ ಅಗಲ ಮಾಡುತ್ತೆ."

"ಅದು ಬಂಡೆ ಅಗಲ ಮಾಡುತ್ತೆ! ಮೂವತ್ನಾಲ್ಕು ವರ್ಷ ನನ್ನ ಮೇಜಿನ ಮೇಲಿದ್ದ ಸ್ಫೋಟಕಗಳ ಪಟ್ಟೀಲಿತ್ತು ಇದು. ಡೈನಮೈಟ್ ಮಾಡ್ತಾರೆ ಇದರಲ್ಲಿ."

"ವಸ್ತು ಅದೇ ಮಾವ, ಆದ್ರೆ ಇದರಲ್ಲಿರೋದು ಕಣದಷ್ಟು. ಏನೂ ಸಿಡಿಯಲ್ಲ..."

"ವಸ್ತು ಅದೇ ಅಂತ ಒಪ್ಕೊಂಡ್ಯಲ್ಲ, ಸಾಕು" ಎಂದು ತಿಜಾನಿ ಫೋನ್ ಇಟ್ಟುಬಿಟ್ಟ.

ಸೀಸೆಯನ್ನೂ ಮಾತ್ರೆಗಳನ್ನೂ ಕಂದು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಅಂಟಿನ ಮೇಲೆ ದಿನಾಂಕ ಬರೆದು ಸಹಿ ಮಾಡಿ, ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಸೈಕಲ್ ಪರೀಕ್ಷೆಯ ದಿನ ಬಂತು, ಹೋಯಿತು. ಅವನು ಹೋಗಲಿಲ್ಲ.

ಆ ಶುಕ್ರವಾರ ಕುಸ್ಕುಸ್ ಊಟವಾದ ಮೇಲೆ ತಿಜಾನಿ ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದ. ಮುಖದಲ್ಲಿ ಗೆಲುವಿತ್ತು.

"ನೋಡು ವಸೀಲಾ. ಒಬ್ಬ ಹೊಟ್ಟೆ ಅಂತಾನೆ. ಒಬ್ಬ ಕತ್ತು ಅಂತಾನೆ. ಇವಳು ಹೃದಯ ಅಂತಾಳೆ. ಮೂರು ಬಾಯಿ, ಮೂರು ಮಾತು. ಎಲ್ಲಾ ದಂಧೆ."

ವಸೀಲಾ ಕೈ ಒರೆಸಿಕೊಂಡು ಅವನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಚೀಟಿಗಳನ್ನು ಒಂದೊಂದಾಗಿ ಓದಿದಳು. "ಮೊದಲನೇ ಡಾಕ್ಟರಿಗೆ ಏನು ಹೇಳಿದೆ?"

"ಊಟ ಆದ್ಮೇಲೆ ಎದೆ ಭಾರ ಅಂತ."

"ಎರಡನೆಯವರಿಗೆ?"

"ದವಡೆ, ತೋಳು."

"ಮೆಟ್ಟಿಲ ಮೇಲೆ ನೋವು ಬರೋದು?"

"ಅದು ಮೂರನೆಯವಳಿಗೆ. ಅದೂ ನೋವು ಅನ್ನಲಿಲ್ಲ, ಉಸಿರು ಅಂದೆ."

"ಒಂದೇ ನೋವನ್ನ ಮೂರು ತುಂಡು ಮಾಡಿ ಮೂರು ಕಡೆ ಹಂಚಿದೀಯ. ಅವರು ಕೈಗೆ ಸಿಕ್ಕ ತುಂಡಿಗೆ ಮದ್ದು ಬರೆದಿದಾರೆ. ಇಲ್ಲಿ ಸುಳ್ಳು ಹೇಳಿದೋರು ಯಾರು, ತಿಜಾನಿ?"

ಅವನು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

"ಇರು, ನಂದಿನ್ನೂ ಮುಗಿದಿಲ್ಲ. ಹೊಸ ವರ್ಷ ಶುರುವಾದಾಗಿಂದ ಬ್ರೆಡ್ಡು ತರೋಕೆ ನನ್ನನ್ನೇ ಕಳಿಸ್ತಿದೀಯ. ಎರಡನೇ ಮಹಡೀಲಿ ಮೀಟರ್ ಪೆಟ್ಟಿಗೆ ತೆಗೆದು ನಿಂತಿರ್ತೀಯ, ಪಕ್ಕದ ಮನೆಯೋಳು ನೀನು ಕರೆಂಟು ಕದೀತಿದೀಯಾ ಅಂತ ಕೇಳಿದಳು ನನ್ನ. ಚಳಿಗಾಳಿ ಇದ್ರೆ ಕಡಲ ಕಡೆ ಬರಲ್ಲ ಅಂತೀಯ. ಮಾತಾಡ್ತಾ ಮಾತಾಡ್ತಾ ದವಡೆ ಉಜ್ಜಿಕೊಳ್ತೀಯ. ಕಸ್ಟಮ್ಸ್‌ನವನ ಜೊತೆ ಇಷ್ಟು ವರ್ಷ ಬಾಳಿದೀನಿ. ನಂಗೂ ಕಣ್ಣಿದೆ."

"ಹಾಗಾದ್ರೆ ಶುಕ್ರಿಗೆ ಹೇಳಿದ್ದು ನೀನೇ!"

"ನಾನೇ. ಇನ್ಯಾರಿಗೆ ಹೇಳ್ಲಿ? ನಿಂಗೆ ಹೇಳಿದ್ರೆ ಗ್ಯಾಸಿನ ಕೊಳವೆಗೆ ಸಾಬೂನು ಹಚ್ತೀಯ."

ತಿಜಾನಿ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಬೆನ್ನು ತಿರುಗಿಸಿಕೊಂಡೇ, "ಲಮೀನ್ ಒಳಗೆ ಹೋದ. ಹೊರಗೆ ಬರಲಿಲ್ಲ" ಎಂದ.

ಲಮೀನ್ ಬಂದರಿನ ತಪಾಸಣೆಯಲ್ಲಿ ಅವನ ಪಕ್ಕದ ಕಟ್ಟೆಯಲ್ಲಿ ಇಪ್ಪತ್ತು ವರ್ಷ ನಿಂತ ಗೆಳೆಯ. ಹೃದಯದ ನಾಳಕ್ಕೆ ಕೊಳವೆ ತೂರಿಸುವ ಕೋಣೆಗೆ ಅವನನ್ನು ತಳ್ಳುಗಾಡಿಯಲ್ಲಿ ಒಯ್ದದ್ದನ್ನು ತಿಜಾನಿ ಹೊರಗಿನ ಬೆಂಚಿನಲ್ಲಿ ಕೂತು ನೋಡಿದ್ದ.

"ಲಮೀನ್ ಯಾವಾಗ ಹೋದ ಅಂತ ಗೊತ್ತಾ ನಿಂಗೆ?" ವಸೀಲಾಳ ದನಿ ಈಗ ಮೆತ್ತಗಾಗಿತ್ತು. "ಅವನ ಹೆಂಡತಿ ನನ್ನ ಹತ್ರ ಅತ್ತಿದಾಳೆ. ಎರಡು ವರ್ಷ ಗ್ಯಾಸು ಗ್ಯಾಸು ಅಂತ ಸೋಡಾ ಕುಡಿದ. ಕೊನೇ ದಿನ ಬೆಳಗ್ಗೆ ಶುರುವಾದ ನೋವಿಗೆ ಸಂಜೆವರೆಗೂ ಕಾದ. ಅಷ್ಟೊತ್ತಿಗೆ ಹೃದಯದ ಅರ್ಧ ಸತ್ತಿತ್ತಂತೆ. ಕೊಳವೆ ಅವನನ್ನ ಕೊಲ್ಲಲಿಲ್ಲ."

ತಿಜಾನಿ ಕೋಟು ಹಾಕಿಕೊಂಡು ಕಡಲ ದಂಡೆಗೆ ಹೊರಟ. ಗಾಳಿ ಜೋರಾಗಿತ್ತು. ಇನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅಂಗೈ ಬಂದು ಎದೆಯ ಮೇಲೆ ಕೂತಿತು. ಬೆಂಚಿನ ಮೇಲೆ ಕುಸಿದ. ಮೊದಲು ಎರಡು ಮಹಡಿ ಹತ್ತಿದರೆ ಬರುತ್ತಿದ್ದದ್ದು ಈಗ ಸಮತಟ್ಟು ನೆಲದಲ್ಲೂ ಬರುತ್ತಿದೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಮನೆಗೆ ಹೋಗಿ ಅದನ್ನು ಹೇಳಲಿಲ್ಲ. ವಸೀಲಾಳ ಮಾತು ಸರಿಯೇ ಇರಬಹುದು. ಆದರೆ ಆ ವೈದ್ಯೆ ಅಳಿಯನ ಮಾತು ಎತ್ತಿದ್ದು ಮಾತ್ರ ಅವನಿಗೆ ಸರಿಕಾಣಲಿಲ್ಲ.

ಹತ್ತು ದಿನ ಕಳೆಯಿತು. ಹನ್ನೊಂದನೆಯ ದಿನ ಬೆಳಗ್ಗೆ ತಿಜಾನಿ ಅಡುಗೆಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದ. ಹತ್ತಿರಲಿಲ್ಲ, ನಡೆದಿರಲಿಲ್ಲ, ಭಾರ ಎತ್ತಿರಲಿಲ್ಲ. ನೋವು ಕೂತಲ್ಲಿಗೇ ಬಂತು. ಈ ಸಲ ಅಂಗೈ ಅಲ್ಲ, ಯಾರೋ ಮಂಡಿಯೂರಿ ಎದೆಯ ಮೇಲೆ ಕೂತ ಹಾಗೆ. ಎಡತೋಳು ಜೋಮು ಹಿಡಿಯಿತು. ಹಣೆಯಲ್ಲಿ ತಣ್ಣನೆಯ ಬೆವರು ಒಸರಿತು. ಸುಳ್ಳು ಹೇಳುವವರ ಮೇಲ್ದುಟಿಯಲ್ಲಿ ಮೂಡುವ ಬೆವರನ್ನು ಅವನು ಸಾವಿರ ಸಲ ಕಂಡಿದ್ದ. ತನ್ನ ಬೆವರನ್ನು ಒರೆಸಿಕೊಳ್ಳಲು ಕೈ ಎತ್ತಲಾಗಲಿಲ್ಲ.

ವಸೀಲಾ ತಿರುಗಿ ನೋಡಿದಳು. "ಕೀಲಿ ಎಲ್ಲಿ?"

"ಏನೂ ಇಲ್ಲ, ಹೋಗುತ್ತೆ..."

"ತಿಜಾನಿ, ಕೀಲಿ!"

ಅವನು ಅಂಗಿಯ ಜೇಬಿನ ಕಡೆ ಕಣ್ಣು ತೋರಿಸಿದ. ಅವಳು ಖಾನೆ ತೆರೆದು, ಸಹಿ ದಿನಾಂಕ ಯಾವುದನ್ನೂ ನೋಡದೆ ಲಕೋಟೆಯನ್ನು ಹರಿದಳು. "ಬಾಯಿ ತೆರಿ. ನಾಲಗೆ ಎತ್ತು." ಒಂದು ಸಲ ಒತ್ತಿದಳು. ತಣ್ಣನೆಯ ಹನಿ ನಾಲಗೆಯ ಕೆಳಗೆ ಚಿಮ್ಮಿತು. ತುಸು ಹೊತ್ತಿನಲ್ಲಿ ತಲೆಯೊಳಗೆ ಬಿಸಿ ಏರಿ ಹಣೆ ಧಿಮಿಧಿಮಿ ಬಡಿಯತೊಡಗಿತು. ಎದೆಯ ಭಾರ ಸ್ವಲ್ಪ ಸಡಿಲವಾಯಿತು, ಆದರೆ ಇಳಿಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷ ಕಳೆದದ್ದೇ ವಸೀಲಾ ಫೋನ್ ಕೈಗೆತ್ತಿಕೊಂಡಳು.

"ಹೃದಯ ಅನ್ನಬೇಡ..." ತಿಜಾನಿ ತೊದಲಿದ.

ಅವಳು ಅವನನ್ನೇ ನೋಡುತ್ತ, ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಮೆಟ್ಟಿಲು, ದವಡೆ, ತೋಳು, ಊಟ, ಗಾಳಿ, ದಿನಕ್ಕೊಂದು ಪ್ಯಾಕು ಸಿಗರೇಟು, ಎರಡು ತಿಂಗಳ ಸುಳ್ಳು. ಅತ್ತ ಕಡೆಯವರು ಹೇಳಿದಂತೆ ಆಸ್ಪಿರಿನ್ ಮಾತ್ರೆಯೊಂದನ್ನು ಅಗಿಯಲು ಕೊಟ್ಟಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಇ.ಸಿ.ಜಿ. ಪಟ್ಟಿಯ ಮೇಲೆ ಪಟ್ಟಿ ತೆಗೆದರು. ನೋವು ಇಳಿದಿತ್ತು. ಮಧ್ಯಾಹ್ನದ ಹೊತ್ತಿಗೆ, ಆ ಆಸ್ಪತ್ರೆಯಲ್ಲೂ ಕೆಲಸ ಮಾಡುವ ಡಾಕ್ಟರ್ ಎಮ್ನಾ ಬಂದು ಹಾಸಿಗೆಯ ಪಕ್ಕ ನಿಂತಳು.

"ರಕ್ತಪರೀಕ್ಷೆ ಪ್ರಕಾರ ಹೃದಯದ ಮಾಂಸಕ್ಕೆ ಇನ್ನೂ ಪೆಟ್ಟಾಗಿಲ್ಲ. ಆದ್ರೆ ಕೂತಾಗಲೇ ನೋವು ಬಂತು ಅಂದ್ರೆ ನಾಳ ಇವತ್ತೋ ನಾಳೆಯೋ ಮುಚ್ಚಿಕೊಳ್ಳಬಹುದು ಅಂತ. ಮಣಿಕಟ್ಟಿನಿಂದ ಸಣ್ಣ ಕೊಳವೆ ಬಿಟ್ಟು ಎಲ್ಲಿ ಕಿರಿದಾಗಿದೆ ಅಂತ ನೋಡಬೇಕು. ಸಿಕ್ಕಿದ್ರೆ ಅಲ್ಲೇ ಅಗಲ ಮಾಡಿ ಲೋಹದ ಜಾಲರಿ ಕೂರಿಸ್ತೀವಿ."

ತಿಜಾನಿ ಅವಳನ್ನು ಹತ್ತಿರ ಕರೆದ. ದನಿ ತಗ್ಗಿಸಿ ಕೇಳಿದ, "ನನ್ನ ಅಳಿಯ ನಿಮಗೆ ಹೇಗೆ ಗೊತ್ತು?"

"ಶುಕ್ರಿ ಅವರಾ? ದಿನಾ ಮೂರು ಸಲ ಫೋನ್ ಮಾಡಿ ತಲೆ ತಿಂದಿದ್ರು. ನನ್ನ ಮಾವ ಬರ್ತಾರೆ, ಹೆಸರು ತಿಜಾನಿ, ಏನೂ ಇಲ್ಲ ಅಂತಾರೆ, ನಂಬಬೇಡಿ, ಬೇಗ ನೋಡಿ ಅಂತ. ಸರದಿ ಪಟ್ಟೀಲಿ ಇಪ್ಪತ್ತು ದಿನ ಕಾಯಬೇಕಿತ್ತು ನೀವು."

"ಈ ಜಾಲರಿ, ಈ ಮಾತ್ರೆ, ಇವೆಲ್ಲ ಅವನ ಕಂಪನೀದಾ?"

ಎಮ್ನಾಗೆ ನಗು ತಡೆಯಲಾಗಲಿಲ್ಲ. "ಅವರು ಮಾರೋದು ಮಕ್ಕಳ ಕೆಮ್ಮಿನ ಸಿರಪ್ಪು, ಸಿ ತಿಜಾನಿ. ಮತ್ತೆ ಎರಡು ಬಗೆ ಹಲ್ಲಿನ ಪೇಸ್ಟು."

ಹತ್ತು ವರ್ಷದಿಂದ ಅಳಿಯನಾಗಿದ್ದವನ ಚೀಲದಲ್ಲಿ ಏನಿದೆ ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ ಎಂಬುದು ತಿಜಾನಿಗೆ ಆಗ ಹೊಳೆಯಿತು. ಮುಖ ಕೆಂಪಾಯಿತು. ಅದು ಔಷಧಿಯ ಬಿಸಿಯೂ ಇರಬಹುದು.

ಸಹಿ ಹಾಕುವ ಕಾಗದ ತಂದರು. ಅವನು ಪೆನ್ನು ಹಿಡಿದು ಕಾಗದವನ್ನು ಪೂರ್ತಿ ಓದಿದ. "ಅಪಾಯ ಇದೆಯಾ?"

"ಇದೆ. ತುಂಬ ಕಮ್ಮಿ, ಆದ್ರೆ ಇದೆ. ರಕ್ತಸ್ರಾವ ಆಗಬಹುದು, ನಾಳ ಸೀಳಬಹುದು, ಸಾವಿರದಲ್ಲಿ ಕೆಲವರಿಗೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಮಾಡಿಸದಿದ್ರೆ ಇರೋ ಅಪಾಯ ಇದಕ್ಕಿಂತ ಬಹಳ ದೊಡ್ಡದು."

ಏನೇನೂ ಇಲ್ಲ, ಗಾಬರಿ ಬೇಡ ಎಂದಿದ್ದರೆ ಅವನು ಪೆನ್ನು ಕೆಳಗಿಡುತ್ತಿದ್ದ. ತನ್ನ ಪೆಟ್ಟಿಗೆಯಲ್ಲಿ ಏನೇನೂ ಇಲ್ಲ ಎಂದು ಕೇಳುವ ಮೊದಲೇ ಹೇಳಿದವರ ಪೆಟ್ಟಿಗೆಗಳನ್ನು ಅವನು ತಳದವರೆಗೆ ಬಿಚ್ಚಿದವನು. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಸಹಿ ಹಾಕಿದ. ಹಾಕಿದ ಮೇಲೆ ಒಂದು ಷರತ್ತು ಮುಂದಿಟ್ಟ.

"ಒಳಗೆ ಕೂರಿಸೋ ವಸ್ತುವಿನ ಪೆಟ್ಟಿಗೆ ನಂಗೆ ತೋರಿಸ್ಬೇಕು. ಮೊದಲೇ. ಅವಧಿ ಮುಗಿದದ್ದು ಕೂರಿಸಿದ್ರು ಅಂತ ಹಿಂದೆ ಪೇಪರಲ್ಲಿ ಬಂದಿತ್ತು."

"ತೋರಿಸ್ತೀನಿ" ಎಂದಳು ಎಮ್ನಾ. "ಎಲ್ಲರೂ ಕೇಳಬೇಕು ಹಾಗೆ."

ಕೋಣೆ ತಣ್ಣಗಿತ್ತು. ಮೇಜು ಕಿರಿದಾಗಿತ್ತು. ಎಚ್ಚರವಾಗಿಯೇ ಇಟ್ಟಿದ್ದರು. ಬಲಗೈ ಮಣಿಕಟ್ಟಿಗೆ ಚುಚ್ಚಿದ್ದು ಇರುವೆ ಕಚ್ಚಿದಷ್ಟೇ. ಆಮೇಲೆ ತೋಳಿನೊಳಗೆ ಏನೋ ಹರಿದಂತಾಯಿತು, ಅಷ್ಟೆ. ಲಮೀನ್ ಇದೇ ಬಗೆಯ ಮೇಜಿನ ಮೇಲೆ ಮಲಗಿದ್ದನೇ, ಇದೇ ಬಗೆಯ ದೀಪ ನೋಡಿದ್ದನೇ ಎಂದು ತಿಜಾನಿ ಯೋಚಿಸಿದ. ಭಯವಾಯಿತು. ಭಯ ಎಂದು ಒಪ್ಪಿಕೊಂಡದ್ದು ಅದೇ ಮೊದಲು. ಬಾಯಿಬಿಟ್ಟು ಹೇಳಿಯೂ ಬಿಟ್ಟ: "ನಂಗೆ ಹೆದರಿಕೆ ಆಗ್ತಿದೆ."

ತಲೆಯ ಬಳಿ ನಿಂತಿದ್ದ ನರ್ಸ್ ಅವನ ಭುಜದ ಮೇಲೆ ಕೈಯಿಟ್ಟಳು. "ಪರದೆ ನೋಡಿ. ನೋಡ್ತಿದ್ರೆ ಹೆದರಿಕೆ ಕಮ್ಮಿಯಾಗುತ್ತೆ ಕೆಲವರಿಗೆ."

ಅವನು ತಲೆ ಹೊರಳಿಸಿದ. ಬೂದು ಪರದೆಯ ಮೇಲೆ ಮೊದಲು ಪಕ್ಕೆಲುಬಿನ ನೆರಳು, ಅದರ ಹಿಂದೆ ಮಿಡಿಯುವ ಒಂದು ಮಬ್ಬು. ಎಮ್ನಾ ಕೊಳವೆಯೊಳಕ್ಕೆ ಬಣ್ಣದ ದ್ರವ ಒತ್ತಿದಳು. ಮಬ್ಬಿನೊಳಗೆ ಇದ್ದಕ್ಕಿದ್ದಂತೆ ಕಪ್ಪು ಕವಲುಗಳು ಮೂಡಿ, ಒಂದು ಕ್ಷಣ ನಿಂತು ಮಾಸಿಹೋದವು. ಮತ್ತೊಮ್ಮೆ ಒತ್ತಿದಳು. ತಿಜಾನಿಯ ಕಣ್ಣು ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡಿತು. ಕವಲುಗಳ ಅಗಲ, ಬಾಗು, ಎಲ್ಲಿ ಸರಾಗ, ಎಲ್ಲಿ ಅಲ್ಲ. ಮೂರನೆಯ ಸಲ ಕಪ್ಪು ಹರಿದಾಗ ಅವನು ಉಸಿರು ಬಿಗಿಹಿಡಿದ.

"ಅಲ್ಲಿ!" ಎಂದ. "ಎಡಗಡೆ, ಇಳಿದು ಬರೋ ದೊಡ್ಡದು. ಮಧ್ಯದಲ್ಲಿ ದಾರದ ಹಾಗೆ ಸಣ್ಣಗಾಗಿದೆ."

ಎಮ್ನಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸರಿಯಾಗಿ ಹೇಳಿದ್ರಿ. ನೂರಕ್ಕೆ ತೊಂಬತ್ತು ಮುಚ್ಚಿದೆ."

ತಿಜಾನಿ ಆ ದಾರವನ್ನೇ ನೋಡಿದ. ಹಣ್ಣಿನವನಲ್ಲ, ಮೀನಲ್ಲ, ಗ್ಯಾಸಿನ ಕೊಳವೆಯಲ್ಲ, ಅಳಿಯನಲ್ಲ. ವರ್ಷಗಟ್ಟಲೆ ತನ್ನೊಳಗೇ ಕೂತು ಬೆಳೆದದ್ದು. ನರ್ಸ್ ಒಂದು ಪುಟ್ಟ ಪೆಟ್ಟಿಗೆಯನ್ನು ಅವನ ಕಣ್ಣಿನ ಮಟ್ಟಕ್ಕೆ ಹಿಡಿದಳು. ಅವನು ಎರಡು ಸಲ ಓದಿದ. ಅವಧಿ ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿತ್ತು. ಕೊಳವೆಯ ತುದಿಯ ಬಲೂನು ಉಬ್ಬಿದಾಗ ಎದೆಯಲ್ಲಿ ಅದೇ ಹಳೆಯ ಒತ್ತಡ ಬಂತು. ಎಮ್ನಾ ಮೊದಲೇ ಹೇಳಿದ್ದರಿಂದ ಅವನು ಹಲ್ಲು ಕಚ್ಚಿ ಎಣಿಸುತ್ತ ಕಾದ. ಒತ್ತಡ ಬಿಟ್ಟಿತು. ಮುಂದಿನ ಸಲ ಕಪ್ಪು ಹರಿದಾಗ ದಾರವಿದ್ದ ಕಡೆ ಅಗಲವಾದ ಹಾದಿಯಿತ್ತು, ಅದರ ಆಚೆ ತಾನು ಅಲ್ಲಿಯವರೆಗೆ ಕಂಡೇ ಇರದ ಸಣ್ಣಸಣ್ಣ ಕವಲುಗಳೆಲ್ಲ ತುಂಬಿಕೊಂಡವು.

ಸಂಜೆ ಶುಕ್ರಿ ಬಂದ. ಕೈಯಲ್ಲಿ ಕಪ್ಪು ಚೀಲವಿತ್ತು, ಮುಖದಲ್ಲಿ ನಗುವಿರಲಿಲ್ಲ. ಕಣ್ಣು ಊದಿಕೊಂಡಿತ್ತು. ತಿಜಾನಿ ಕಿಟಕಿಯ ಕಡೆ ನೋಡುತ್ತಲೇ, "ದಿನಕ್ಕೆ ಮೂರು ಸಲ ಫೋನ್ ಮಾಡಿದ್ಯಂತೆ" ಎಂದ.

"ತಪ್ಪಾಯ್ತು, ಮಾವ."

"ನಾಲ್ಕು ಸಲ ಮಾಡಿದ್ರೆ ಇನ್ನೂ ಬೇಗ ನೋಡ್ತಿದ್ರೇನೋ."

ಶುಕ್ರಿ ಹಾಸಿಗೆಯ ಅಂಚಿನಲ್ಲಿ ಕೂತುಕೊಂಡ. ತಿಜಾನಿ ಕ್ಷಮೆ ಕೇಳಲಿಲ್ಲ, ಅದು ಅವನಿಗೆ ಬಾರದ ವಿದ್ಯೆ. ಬ್ಯಾಂಡೇಜು ಕಟ್ಟಿದ ಕೈಯನ್ನು ಅಳಿಯನ ಮೊಣಕಾಲಿನ ಮೇಲಿಟ್ಟ.

ಮನೆಗೆ ಬಂದ ಮೇಲೆ ದಿನಕ್ಕೆ ಐದು ಬಗೆಯ ಮಾತ್ರೆ. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಎರಡನ್ನಂತೂ ಯಾರು ಹೇಳಿದರೂ, ಹಲ್ಲಿನ ಡಾಕ್ಟರು ಹೇಳಿದರೂ, ತನ್ನನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು ಎಂದು ಎಮ್ನಾ ಎಚ್ಚರಿಸಿದ್ದಳು. ಬೆಳಗ್ಗೆ ಅರ್ಧ ಗಂಟೆ ಕಡಲ ದಂಡೆಯಲ್ಲಿ ನಡಿಗೆ. ಕುರಿ ಮಾಂಸದ ಬದಲು ಮೀನು, ಬೆಣ್ಣೆಯ ಬದಲು ಆಲಿವ್ ಎಣ್ಣೆ. ಮಾತ್ರೆಯ ಪ್ರತಿ ಹೊಸ ಡಬ್ಬಿಯ ಮೇಲಿನ ಸಣ್ಣಕ್ಷರವನ್ನು ತಿಜಾನಿ ಭೂತಗನ್ನಡಿ ಹಿಡಿದು ಓದುತ್ತಿದ್ದ. ಅರ್ಥವಾಗದ್ದನ್ನು ಶುಕ್ರಿಗೆ ಫೋನ್ ಮಾಡಿ ಕೇಳುತ್ತಿದ್ದ, ಅವನು ಹೇಳಿದ್ದು ಸರಿಯೇ ಎಂದು ಆಮೇಲೆ ಔಷಧಿ ಅಂಗಡಿಯವನನ್ನೂ ಕೇಳುತ್ತಿದ್ದ.

ಎರಡು ತಿಂಗಳ ನಂತರ ಗಂಡಹೆಂಡತಿ ಲಾ ಮರ್ಸಾಕ್ಕೆ ತ‍ಪಾಸಣೆಗೆ ಹೋದರು. ಎಮ್ನಾ ಎಲ್ಲ ನೋಡಿ, ಪಟ್ಟಿ ತೆಗೆದು, ಸಮಾಧಾನದಿಂದ ತಲೆಯಾಡಿಸಿದಳು.

"ಮೆಟ್ಟಿಲು?"

"ಮೂರೂ ಮಹಡಿ ನಿಲ್ಲದೆ ಹತ್ತುತ್ತೀನಿ. ಕೊನೇಲಿ ಸ್ವಲ್ಪ ಏದುಸಿರು. ಎದೆ ಒತ್ತಲ್ಲ, ದವಡೆ ನೋಯಲ್ಲ."

"ಸಿಗರೇಟು?"

"ಪೂರ್ತಿ ಬಿಟ್ಟಿದಾನೆ" ಎಂದಳು ವಸೀಲಾ ಹೆಮ್ಮೆಯಿಂದ.

ತಿಜಾನಿ ಒಮ್ಮೆ ಬಾಗಿಲ ಕಡೆ ನೋಡಿದ, ಒಮ್ಮೆ ಹೆಂಡತಿಯ ಕಡೆ. "ಎರಡು" ಎಂದ.

"ದಿನಕ್ಕಾ?" ಎಮ್ನಾ ಕೇಳಿದಳು.

"ವಾರಕ್ಕೆ. ಮೀನು ಮಾರ್ಕೆಟ್ಟಿನ ಹಿಂದೆ."

ಎಮ್ನಾ ಅದನ್ನು ಬರೆದುಕೊಂಡು, ಜಾಲರಿ ಕೂರಿಸಿದ ನಾಳಕ್ಕೆ ಹೊಗೆ ಏನು ಮಾಡುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆದರೂ ಹೇಳಿದ್ದಕ್ಕೆ ಸಂತೋಷ, ಹೇಳಿದರೆ ತಾನೇ ದಾರಿ ಹುಡುಕಬಹುದು ಎಂದು, ಸಿಗರೇಟು ಬಿಡಿಸುವ ಚಿಕಿತ್ಸೆಯವರ ಹೆಸರು ಬರೆದುಕೊಟ್ಟಳು.

ವಾಪಸು ಬರುವಾಗ ರೈಲಿನಲ್ಲಿ ವಸೀಲಾ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ನಾಲ್ಕನೆಯ ನಿಲ್ದಾಣದಲ್ಲಿ ಬಾಗಿಲು ಮುಚ್ಚಿಕೊಂಡ ಮೇಲೆ, ಅವನ ಕಡೆ ತಿರುಗದೆ, "ವಾರಕ್ಕೆ ಎರಡೇನಾ?" ಎಂದಳು.

ತಿಜಾನಿ ಕಿಟಕಿಯ ಗಾಜಿನಲ್ಲಿ ಅವಳ ಮುಖ ನೋಡಿದ.

"ನಾಲ್ಕು" ಎಂದ.